ಖೋರಾ: ಕಟ್ಟಿದವನಿಗೇ ಆಸರೆಯಾದ ಮಠ

ಇಸ್ತಾಂಬುಲ್ ನಗರದ ವಾಯವ್ಯ ಭಾಗದಲ್ಲಿ, ಹಳೆಯ ಕೋಟೆಗೋಡೆಗೆ ಸಮೀಪವಾಗಿ ಒಂದು ಪುಟ್ಟ ಕಟ್ಟಡವಿದೆ. ಹಿಂದೆ ಇದು ಬೈಜಾಂಟಿಯನ್ ಸಾಮ್ರಾಜ್ಯದ ಖೋರಾ ಮಠದ ಚರ್ಚು. ಗ್ರೀಕ್ ಭಾಷೆಯಲ್ಲಿ 'ಖೋರಾ' ಎಂದರೆ ಊರಾಚೆಯ ನೆಲ. ಕಾನ್‌ಸ್ಟಂಟೈನ್ ಚಕ್ರವರ್ತಿಯ ಕೋಟೆಯಿಂದ ಹೊರಗಿದ್ದ ಈ ಜಾಗ, 5ನೆಯ ಶತಮಾನದಲ್ಲಿ ಎರಡನೆಯ ಥಿಯೊಡೋಸಿಯಸ್ ಕಟ್ಟಿಸಿದ ಹೊಸ ಗೋಡೆಯ ಒಳಗೆ ಸೇರಿತು. ಊರು ಬೆಳೆದರೂ ಹೆಸರು ಮಾತ್ರ ಹಾಗೆಯೇ ಉಳಿಯಿತು.

ಈಗ ಕಾಣುವ ಕಟ್ಟಡ ಒಬ್ಬರ ಕಾಲದ್ದಲ್ಲ. 11ನೆಯ ಶತಮಾನದ ಕೊನೆಯಲ್ಲಿ ಅಲೆಕ್ಸಿಯಸ್ ಚಕ್ರವರ್ತಿಯ ಅತ್ತೆ ಮರಿಯಾ ಡೂಕೈನಾ ಚರ್ಚನ್ನು ಹೊಸದಾಗಿ ಕಟ್ಟಿಸಿದಳು. ಮುಂದಿನ ಶತಮಾನದಲ್ಲಿ ಅಲೆಕ್ಸಿಯಸ್‌ನ ಮಗ ಐಸಾಕ್ ಅದನ್ನು ಮಾರ್ಪಡಿಸಿದ. ಆದರೆ ಅದಕ್ಕೆ ಕೀರ್ತಿ ತಂದವನು ಥಿಯೊಡೋರ್ ಮೆಟೊಖೈಟಿಸ್. ಎರಡನೆಯ ಆಂಡ್ರೊನಿಕಸ್ ಚಕ್ರವರ್ತಿಯ ಮಂತ್ರಿಯಾಗಿದ್ದ ಈತ ದೊಡ್ಡ ವಿದ್ವಾಂಸ, ಖಗೋಳಶಾಸ್ತ್ರಜ್ಞ. ಸುಮಾರು 1315ರಿಂದ 1321ರವರೆಗೆ ಈತ ಚರ್ಚನ್ನು ಜೀರ್ಣೋದ್ಧಾರ ಮಾಡಿಸಿ, ಎರಡು ಮುಖಮಂಟಪಗಳನ್ನೂ ದಕ್ಷಿಣಕ್ಕೆ ಒಂದು ಉಪಪ್ರಾರ್ಥನಾಲಯವನ್ನೂ ಕಟ್ಟಿಸಿದ. ಮಠಕ್ಕೆ ಗ್ರಂಥಭಂಡಾರವನ್ನೂ ಕೊಟ್ಟ.

ಮುಖಮಂಟಪಗಳ ಕಮಾನು, ಗುಮ್ಮಟಗಳ ತುಂಬ ಮೇರಿ ಮತ್ತು ಕ್ರಿಸ್ತರ ಜೀವನದ ಮೊಸಾಯಿಕ್ ಚಿತ್ರಗಳಿವೆ. ಬಣ್ಣಬಣ್ಣದ ಗಾಜು, ಕಲ್ಲುಗಳ ಸಣ್ಣ ಚೂರುಗಳನ್ನು ಹಸಿ ಗಾರೆಯಲ್ಲಿ ಒತ್ತಿ ಕೂರಿಸುವ ಕಲೆ ಇದು. ದಕ್ಷಿಣದ ಪ್ರಾರ್ಥನಾಲಯ ಸಮಾಧಿಗಳಿಗೆಂದು ಕಟ್ಟಿದ್ದು. ಅಲ್ಲಿನ ಭಿತ್ತಿಚಿತ್ರದಲ್ಲಿ ಬಿಳಿಯುಡುಗೆಯ ಕ್ರಿಸ್ತ ಆದಾಮ ಮತ್ತು ಈವರ ಕೈಹಿಡಿದು ಅವರನ್ನು ಗೋರಿಯಿಂದ ಮೇಲಕ್ಕೆಳೆಯುತ್ತಾನೆ.

ಪ್ರಾರ್ಥನಾಂಗಣದ ಬಾಗಿಲ ಮೇಲೆ ಮೆಟೊಖೈಟಿಸ್‌ನೇ ಇದ್ದಾನೆ. ತಲೆಯ ಮೇಲೆ ದೊಡ್ಡ ರುಮಾಲಿನಂಥ ಟೋಪಿ, ಕೈಯಲ್ಲಿ ಚರ್ಚಿನ ಪುಟ್ಟ ಮಾದರಿ. ಮಂಡಿಯೂರಿ ಅದನ್ನು ಕ್ರಿಸ್ತನಿಗೆ ಅರ್ಪಿಸುತ್ತಿದ್ದಾನೆ. ಆ ವೈಭವ ಬಹುಕಾಲ ನಿಲ್ಲಲಿಲ್ಲ. 1328ರಲ್ಲಿ ಚಕ್ರವರ್ತಿಯ ಮೊಮ್ಮಗನೇ ಅಜ್ಜನನ್ನು ಪದಚ್ಯುತಗೊಳಿಸಿದ. ಮಂತ್ರಿಯ ಮನೆ ಲೂಟಿಯಾಯಿತು, ಅವನಿಗೆ ಗಡೀಪಾರಾಯಿತು. ಎರಡು ವರ್ಷದ ಬಳಿಕ ಮರಳಿದ ಆತ ತಾನು ಕಟ್ಟಿಸಿದ ಮಠದಲ್ಲೇ ಸನ್ಯಾಸಿಯಾಗಿ ಉಳಿದು, 1332ರಲ್ಲಿ ತೀರಿಕೊಂಡ.

1453ರಲ್ಲಿ ನಗರ ತುರ್ಕರ ವಶವಾಯಿತು. 16ನೆಯ ಶತಮಾನದ ಆರಂಭದ ಹೊತ್ತಿಗೆ ಅತೀಕ್ ಅಲಿ ಪಾಷಾ ಚರ್ಚನ್ನು ಮಸೀದಿಯಾಗಿ ಮಾರ್ಪಡಿಸಿದ. ಅದಕ್ಕೆ ಕಾರಿಯೆ ಎಂಬ ಹೆಸರು ಬಂತು. ಕಾಲಕ್ರಮದಲ್ಲಿ ಹಲವು ಚಿತ್ರಗಳ ಮೇಲೆ ಸುಣ್ಣ, ಗಾರೆ ಬಿದ್ದವು. 1948ರಲ್ಲಿ ಅಮೆರಿಕದ ವಿದ್ವಾಂಸರು ಅವನ್ನು ಬಿಡಿಸುವ ಕೆಲಸಕ್ಕೆ ಕೈಹಾಕಿದರು. 1958ರಲ್ಲಿ ಕಟ್ಟಡ ವಸ್ತುಸಂಗ್ರಹಾಲಯವಾಗಿ ತೆರೆಯಿತು. 2020ರಲ್ಲಿ ತುರ್ಕಿ ಸರ್ಕಾರ ಅದನ್ನು ಮತ್ತೆ ಮಸೀದಿಯೆಂದು ಘೋಷಿಸಿತು. 2024ರ ಮೇ ತಿಂಗಳಲ್ಲಿ ನಮಾಜು ಆರಂಭವಾಯಿತು. ಚಿತ್ರಗಳ ಗತಿಯೇನು ಎಂಬ ಆತಂಕ ಆಗ ಹಲವರನ್ನು ಕಾಡಿತು.

ಕಟ್ಟಡವೊಂದು ಉಳಿಯುವುದು ಕಟ್ಟಿದವರಿಂದ ಮಾತ್ರವಲ್ಲ, ಅನಂತರ ಬಂದವರ ಸಹನೆಯಿಂದಲೂ ಹೌದು. ಅಧಿಕಾರ ಕಳೆದುಕೊಂಡ ಮಂತ್ರಿಗೆ ಆಸರೆ ಕೊಟ್ಟ ಗೋಡೆಗಳು ಏಳುನೂರು ವರ್ಷ ನಿಂತಿವೆ. ಅವುಗಳನ್ನು ಜೋಪಾನ ಮಾಡುವ ಸರದಿ ಈಗ ನಮ್ಮ ಕಾಲದವರದು.