ಶಾಖ ಮತ್ತು ಕಿಣ್ವ: ಮೊಳಕಾಲ್ಮೂರು, ಚಳ್ಳಕೆರೆಗಳ ಎರಡು ಕಸುಬುಗಳು

ಮೊಳಕಾಲ್ಮೂರು ಸೀಮೆಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಅಶೋಕಶಾಸನಗಳಿಂದ ಆರಂಭಿಸುತ್ತೇವೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಈ ಶಾಸನಗಳ ಮಹತ್ತ್ವವು ನಿರ್ವಿವಾದವಾದುದು. ಆದರೆ ಶಾಸನಕ್ಕೇರದ ಇತಿಹಾಸವೂ ಒಂದುಂಟು. ಅದನ್ನು ಕಸುಬುದಾರರ ಒಲೆಯ ಬಳಿ ಅರಸಬೇಕು. ಮೊಳಕಾಲ್ಮೂರಿನ ರೇಷ್ಮೆ, ಚಳ್ಳಕೆರೆಯ ಶೇಂಗಾ ಎಣ್ಣೆ, ಇವೆರಡರಲ್ಲಿಯೂ ಶಾಖಕ್ಕೂ ಕಿಣ್ವಕ್ಕೂ ಇರುವ ಸಂಬಂಧವನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಎಂಬವರು ಮೊಳಕೆ ಬರಿಸಿದ ಬಾರ್ಲಿಯಿಂದ ಡಯಾಸ್ಟೇಸ್ ಎಂಬ ಕಿಣ್ವವನ್ನು ಬೇರ್ಪಡಿಸಿದರು. ಕುದಿಸಿದರೆ ಅದರ ಶಕ್ತಿ ಅಳಿಯುವುದನ್ನೂ ಕಂಡರು. ಇದರ ಕಾರಣವು ತಿಳಿಯಲು ಬಹುಕಾಲ ಹಿಡಿಯಿತು. 1926ರಲ್ಲಿ ಅಮೆರಿಕದ ಸಮ್ನರ್ ಅವರು ಯೂರಿಯೇಸಿನ ಹರಳುಗಳನ್ನು ಪಡೆದು, ಕಿಣ್ವವು ಪ್ರೋಟೀನೆಂದು ತೋರಿಸಿದರು. ಉಷ್ಣತೆಯು ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಕಿಣ್ವದ ಕಾರ್ಯವೇಗವು ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಮಿತಿ ಮೀರಿದಾಗಲಾದರೋ ಪ್ರೋಟೀನಿನ ಮಡಿಕೆಗಳು ಬಿಚ್ಚಿ, ಕಿಣ್ವವು ನಿಷ್ಕ್ರಿಯವಾಗುತ್ತದೆ. ಶೀತವು ಕಿಣ್ವವನ್ನು ತಡೆದಿರಿಸುತ್ತದೆ; ಅತಿಶಾಖವು ಅದನ್ನು ಕೆಡಿಸುತ್ತದೆ.

ರೇಷ್ಮೆಯ ಎಳೆಯಲ್ಲಿ ಫೈಬ್ರಾಯಿನ್ ತಿರುಳು. ಸೆರಿಸಿನ್ ಅದನ್ನು ಸುತ್ತಿದ ಅಂಟು. ಪತಂಗವು ಗೂಡಿನಿಂದ ಹೊರಬರುವಾಗ ಕೊಕೂನೇಸ್ ಎಂಬ ಕಿಣ್ವವನ್ನು ಸ್ರವಿಸಿ ಈ ಅಂಟನ್ನು ಕರಗಿಸುತ್ತದೆ. ಕೆಲವು ಪತಂಗಗಳಲ್ಲಿ ಈ ಕ್ರಮವನ್ನು ಕಫಾಟೋಸ್ ಮತ್ತು ವಿಲಿಯಮ್ಸ್ ಅವರು 1964ರಲ್ಲಿ ವಿವರಿಸಿದರು. ತೂತಾದ ಗೂಡಿನಿಂದ ಅಖಂಡವಾದ ನೂಲು ದೊರೆಯದು. ಆದುದರಿಂದಲೇ ನೂಲು ಬಿಚ್ಚುವವರು ಬಿಸಿಲು, ಹಬೆ ಇಲ್ಲವೆ ಬಿಸಿಗಾಳಿಯಿಂದ ಒಳಗಿನ ಜೀವವನ್ನು ಮೊದಲೇ ಕೊಲ್ಲುತ್ತಾರೆ. ಇಲ್ಲಿ ಶಾಖವು ಕಿಣ್ವಕ್ಕಿಂತ ಮುಂದಾಗಬೇಕು; ತಡವಾದರೆ ಬೆಳೆಗಾರನಿಗೂ ನೇಕಾರನಿಗೂ ನಷ್ಟ. ಪತಂಗವು ಕರಗಿಸುವ ಅದೇ ಅಂಟನ್ನು ಬಣ್ಣಗಾರರು ಬಳಿಕ ಸಾಬೂನಿನ ನೀರಿನಲ್ಲಿ ನೂಲನ್ನು ಕುದಿಸಿ ತೆಗೆಯುತ್ತಾರೆ.

ಚಳ್ಳಕೆರೆಯು ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಗಿರಣಿಗಳಿಂದ ಹೆಸರಾಯಿತು. ಶೇಂಗಾಬೀಜವು ಒಡೆದು ತೇವಗೊಂಡರೆ ಅದರಲ್ಲಿಯ ಲೈಪೇಸ್ ಕಿಣ್ವವು ಎಣ್ಣೆಯನ್ನು ಒಡೆದು ಆಮ್ಲಾಂಶವನ್ನು ಹೆಚ್ಚಿಸುತ್ತದೆ, ಬೆಲೆ ಕುಸಿಯುತ್ತದೆ. ಬೀಜವನ್ನು ಚೆನ್ನಾಗಿ ಒಣಗಿಸುವುದೂ, ಹಿಂಡುವ ಮುನ್ನ ಹಬೆಯಲ್ಲಿ ಬೇಯಿಸುವುದೂ ಈ ಕಿಣ್ವವನ್ನು ತಡೆಯುವ ಉಪಾಯಗಳು.

ಅಂಟು ತೆಗೆಯಲು ಕಿಣ್ವವನ್ನೇ ಬಳಸುವ ವಿಧಾನವೂ ಇಂದು ಉಂಟು. ಕ್ಷಾರದಲ್ಲಿ ಕೆಲಸಮಾಡುವ ಪ್ರೋಟಿಯೇಸುಗಳಿಗೆ ಸುಮಾರು 50ರಿಂದ 60 ಡಿಗ್ರಿ ಶಾಖವು ಸಾಕು. ಸಾಬೂನಿನ ವಿಧಾನಕ್ಕಾದರೋ ನೀರು ಕುದಿಯುವಷ್ಟು ಶಾಖ ಬೇಕು. ಮಳೆಯೂ ಸೌದೆಯೂ ವಿರಳವಾದ ಸೀಮೆಗೆ ಈ ಅಂತರವು ಅಲ್ಪವಾದುದಲ್ಲ. ಆದರೆ ಆ ತೊಟ್ಟಿಯನ್ನು ರೂಢಿಯಂತೆ ಕುದಿಸಿದರೆ ಕಿಣ್ವವೇ ಕೆಟ್ಟು, ಹಾಕಿದ ಹಣ ವ್ಯರ್ಥವಾಗುತ್ತದೆ. ಕಿಣ್ವದ ಹೆಸರು ಹುಟ್ಟುವ ಮೊದಲೇ ಕಸುಬುದಾರರಿಗೆ ‘ಹದ’ ತಿಳಿದಿತ್ತು. ಆ ಹದದ ಚರಿತ್ರೆಯನ್ನು ಶಾಸನಗಳಷ್ಟೇ ಶ್ರದ್ಧೆಯಿಂದ ಸಂಗ್ರಹಿಸುವುದು ನಮ್ಮ ಅಧ್ಯಾಪಕರ ಹಾಗೂ ವಿದ್ಯಾರ್ಥಿಗಳ ಮುಂದಿರುವ ಕಾರ್ಯವೆಂದು ನಾವು ಭಾವಿಸುತ್ತೇವೆ.