ಜನರಲ್ ತಿಮ್ಮಯ್ಯನವರೂ ಸೈಪ್ರಸ್ ದ್ವೀಪದ ಎರಡು ನೆನಪುಗಳೂ

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಜೀವನವನ್ನು ಕುರಿತ ಬರೆಹಗಳನ್ನು ಓದಿದವರಿಗೆ ಅವುಗಳ ಕ್ರಮ ಚೆನ್ನಾಗಿ ಪರಿಚಿತವಾಗಿರುತ್ತದೆ. 1906ರಲ್ಲಿ ಮಡಿಕೇರಿಯಲ್ಲಿ ಜನನ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹರಾಡೂನ್, ಸ್ಯಾಂಡ್‌ಹರ್ಸ್ಟ್. ಎರಡನೆಯ ಮಹಾಯುದ್ಧದಲ್ಲಿ ಅರಕಾನ್ ರಣಭೂಮಿಯಲ್ಲಿ ಕಾಲಾಳು ಬ್ರಿಗೇಡೊಂದರ ನಾಯಕತ್ವ. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಏರಿಸಿದ ಸಾಹಸ. ಕೊರಿಯಾ ಯುದ್ಧದ ಸೆರೆಯಾಳುಗಳ ವಿಷಯದಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ. 1957ರಿಂದ 1961ರವರೆಗೆ ಭಾರತೀಯ ಭೂಸೇನೆಯ ಮುಖ್ಯಸ್ಥಪದವಿ. ನಡುವೆ 1959ರಲ್ಲಿ ರಕ್ಷಣಾಮಂತ್ರಿ ಕೃಷ್ಣ ಮೆನನ್ನರೊಡನೆ ವಿರಸ, ರಾಜೀನಾಮೆ, ನೆಹರೂ ಅವರ ಮಾತಿಗೆ ಓಗೊಟ್ಟು ಅದನ್ನು ಹಿಂದೆಗೆದುಕೊಂಡದ್ದು. ಇಷ್ಟೆಲ್ಲ ವಿವರಗಳಾದ ಮೇಲೆ ಒಂದೇ ಒಂದು ಸಾಲು: 1965ರ ಡಿಸೆಂಬರ್ 18ರಂದು ಸೈಪ್ರಸ್ಸಿನಲ್ಲಿ, ಕರ್ತವ್ಯದಲ್ಲಿದ್ದಾಗಲೇ, ಹೃದಯಾಘಾತದಿಂದ ನಿಧನ.

ಪ್ರಸ್ತುತ ಲೇಖನ ಆ ಒಂದು ಸಾಲನ್ನು ಕುರಿತದ್ದು. ಮಡಿಕೇರಿಯ ಈ ಸೇನಾನಿ ಭೂಮಧ್ಯ ಸಮುದ್ರದ ದ್ವೀಪವೊಂದರಲ್ಲಿ ಮಾಡುತ್ತಿದ್ದುದಾದರೂ ಏನು? ಅಲ್ಲಿಯ ಜನ ಇಂದಿಗೂ ಒಪ್ಪಿಕೊಳ್ಳಲಾರದ ಚರಿತ್ರೆಯಲ್ಲಿ ಅವರ ಹದಿನೇಳು ತಿಂಗಳುಗಳಿಗೆ ಎಂಥ ಸ್ಥಾನವಿದೆ? ಎಡಿಸನ್ನಿನಲ್ಲಿ ಸೇರುವ ನಮಗೆ ಈ ಪ್ರಶ್ನೆ ತೀರ ದೂರದ್ದೇನಲ್ಲ. ಇಲ್ಲಿಂದ ರೈಲು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ನ್ಯೂಯಾರ್ಕ್. ಅಲ್ಲಿ ಈಸ್ಟ್ ನದಿಯ ದಂಡೆಯ ಮೇಲೆ ತಿಮ್ಮಯ್ಯನವರನ್ನು ಆ ದ್ವೀಪಕ್ಕೆ ಕಳುಹಿಸಿದ ವಿಶ್ವಸಂಸ್ಥೆಯ ಭವನ. ನದಿಯಾಚೆ ಕ್ವೀನ್ಸಿನ ಆಸ್ಟೋರಿಯಾದಲ್ಲಿ ಆ ದ್ವೀಪವನ್ನು ಬಿಟ್ಟುಬಂದ ಗ್ರೀಕ್ ಸೈಪ್ರಿಯಟರ ಮನೆಗಳು, ಅಂಗಡಿಗಳು.

ಸೈಪ್ರಸ್ ಬ್ರಿಟಿಷರಿಂದ ಸ್ವತಂತ್ರವಾದದ್ದು 1960ರ ಆಗಸ್ಟ್ 16ರಂದು. ಜನಸಂಖ್ಯೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ತುಸು ಕಡಿಮೆ ಗ್ರೀಕರು, ಸುಮಾರು ಶೇಕಡಾ 18ರಷ್ಟು ತುರ್ಕರು. ಆರ್ಚ್‌ಬಿಷಪ್ ಮಕಾರಿಯೋಸ್ ಅಧ್ಯಕ್ಷರು, ಡಾಕ್ಟರ್ ಫಾಜಿಲ್ ಕುಚುಕ್ ಉಪಾಧ್ಯಕ್ಷರು. ಸರಕಾರಿ ಉದ್ಯೋಗಗಳಲ್ಲಿ ಎಪ್ಪತ್ತಕ್ಕೆ ಮೂವತ್ತು, ಸೈನ್ಯದಲ್ಲಿ ಅರವತ್ತಕ್ಕೆ ನಲವತ್ತು ಎಂದು ಸಂವಿಧಾನವೇ ಅಳೆದುಕೊಟ್ಟಿತ್ತು. ಇದರ ಜೊತೆಗೊಂದು ಖಾತರಿ ಒಪ್ಪಂದ: ಈ ವ್ಯವಸ್ಥೆಗೆ ಭಂಗ ಬಂದಲ್ಲಿ ಬ್ರಿಟನ್, ಗ್ರೀಸ್, ತುರ್ಕಿ ಮೂರೂ ಸಮಾಲೋಚಿಸಬೇಕು, ಒಮ್ಮತವಾಗದಿದ್ದರೆ, ಮೊದಲಿನ ಸ್ಥಿತಿಯನ್ನು ಪುನಃಸ್ಥಾಪಿಸುವ ಏಕೈಕ ಉದ್ದೇಶದಿಂದ, ಒಂದೊಂದೂ ತಾನೇ ಕ್ರಮ ಕೈಗೊಳ್ಳಬಹುದು. ಆ 'ಕ್ರಮ' ಎಂಬ ಶಬ್ದದಲ್ಲಿ ಶಸ್ತ್ರ ಅಡಗಿತ್ತೇ ಇಲ್ಲವೇ ಎಂಬ ವಾದ ಇನ್ನೂ ಮುಗಿದಿಲ್ಲ. ವಕೀಲರು ಬರೆದ ಒಂದು ಪದಕ್ಕೆ ರೈತರು ಬೆಲೆ ತೆತ್ತ ಉದಾಹರಣೆಗಳಲ್ಲಿ ಇದೂ ಒಂದು.

ವ್ಯವಸ್ಥೆ ಮೂರೇ ವರ್ಷಗಳಲ್ಲಿ ಮುರಿದುಬಿತ್ತು. 1963ರ ನವೆಂಬರಿನಲ್ಲಿ ಮಕಾರಿಯೋಸರು ಸಂವಿಧಾನಕ್ಕೆ ಹದಿಮೂರು ತಿದ್ದುಪಡಿಗಳನ್ನು ಸೂಚಿಸಿದರು. ಡಿಸೆಂಬರ್ 21ರಂದು ರಾಜಧಾನಿ ನಿಕೋಸಿಯಾದಲ್ಲಿ ಗುಂಡಿನ ಸದ್ದು ಕೇಳಿತು. ತುರ್ಕಿಷ್ ಸೈಪ್ರಿಯಟರು ಅದನ್ನು ಇಂದಿಗೂ 'ರಕ್ತಸಿಕ್ತ ಕ್ರಿಸ್‌ಮಸ್' ಎನ್ನುತ್ತಾರೆ. ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಗರದ ನಕ್ಷೆಯ ಮೇಲೆ ಹಸಿರು ಪೆನ್ಸಿಲಿನಿಂದ ಒಂದು ಗೆರೆ ಎಳೆದರು. ಹಸಿರು ರೇಖೆ ಎಂಬ ಹೆಸರು ಅಲ್ಲಿಂದ ಬಂದದ್ದು. 1964ರ ಮಾರ್ಚ್ 4ರ ಭದ್ರತಾ ಮಂಡಲಿಯ ನಿರ್ಣಯದಂತೆ ಶಾಂತಿಪಾಲನ ಪಡೆ ಹುಟ್ಟಿತು. ಅದರ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಗ್ಯಾನಿ. ಅದೇ ಜುಲೈ ತಿಂಗಳಿನಲ್ಲಿ ಅವರ ಸ್ಥಾನಕ್ಕೆ ಬಂದವರು ತಿಮ್ಮಯ್ಯನವರು. ಸುಮಾರು ಆರು ಸಾವಿರ ಮಂದಿಯ ಆ ಪಡೆಯಲ್ಲಿ ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರಿದ್ದರು. ಭಾರತದ ದಳವೊಂದೂ ಇರಲಿಲ್ಲ. ಸ್ಯಾಂಡ್‌ಹರ್ಸ್ಟಿನಲ್ಲಿ ಬ್ರಿಟಿಷರ ಕೈಕೆಳಗೆ ಕಲಿತ ಕೊಡಗಿನವರೊಬ್ಬರು, ಬ್ರಿಟಿಷರೇ ಆಳಿ ಬಿಟ್ಟುಹೋದ ದ್ವೀಪದಲ್ಲಿ, ಬ್ರಿಟಿಷ್ ಸಿಪಾಯಿಗಳಿಗೆ ಆಜ್ಞೆ ಕೊಡುವ ಕಾಲ ಬಂದಿತ್ತು.

ಅವರು ಬಂದ ಒಂದೇ ತಿಂಗಳಲ್ಲಿ, ಆಗಸ್ಟ್ 8 ಮತ್ತು 9ರಂದು, ವಾಯವ್ಯ ತೀರದ ಕೋಕಿನಾ ಎಂಬಲ್ಲಿ ಗ್ರೀಕ್ ಪಡೆಗಳು ತುರ್ಕರನ್ನು ಸಮುದ್ರದಂಚಿಗೆ ಒತ್ತಿದಾಗ, ತುರ್ಕಿಯ ವಿಮಾನಗಳು ಬಾಂಬು ಸುರಿದವು. ಅದು ಸುದ್ದಿಯಾಯಿತು. ಸುದ್ದಿಯಾಗದ ಕೆಲಸ ಅದಕ್ಕಿಂತ ಹೆಚ್ಚಿನದು. ಸುಮಾರು ಇಪ್ಪತ್ತೈದು ಸಾವಿರ ತುರ್ಕಿಷ್ ಸೈಪ್ರಿಯಟರು ತಮ್ಮ ಊರು ಬಿಟ್ಟು ಬೇಲಿಯೊಳಗಿನ ಕೇರಿಗಳಲ್ಲಿ ಸೇರಿದ್ದರು. ಆ ಕೇರಿಗಳಿಗೆ ಸಿಮೆಂಟು, ಕಬ್ಬಿಣ, ಮರಮುಟ್ಟು, ಇಂಧನ ಹೋಗದಂತೆ ಸರಕಾರ ತಡೆಹಾಕಿತ್ತು. ಕೆಲವೆಡೆ ಅದು ಮುತ್ತಿಗೆಗೆ ಸಮನಾಗಿತ್ತೆಂದು ಪ್ರಧಾನ ಕಾರ್ಯದರ್ಶಿ ಊ ಥಾಂಟರ 1964ರ ಸೆಪ್ಟೆಂಬರಿನ ವರದಿಯೇ ಹೇಳುತ್ತದೆ. ಇತ್ತ ನಿಕೋಸಿಯಾದಿಂದ ಕೈರೀನಿಯಾಕ್ಕೆ ಹೋಗುವ ಹೆದ್ದಾರಿ ತುರ್ಕರ ಹಿಡಿತದಲ್ಲಿದ್ದು, ಗ್ರೀಕರು ತಮ್ಮದೇ ದೇಶದ ರಸ್ತೆಯಲ್ಲಿ ಓಡಾಡಲಾರದೆ ಹೋದರು. 1964ರ ಅಕ್ಟೋಬರಿನಿಂದ ವಿಶ್ವಸಂಸ್ಥೆಯ ಬೆಂಗಾವಲಿನಲ್ಲಿ ದಿನಕ್ಕೆ ಎರಡು ಬಾರಿ ವಾಹನಗಳ ಸಾಲು ಆ ರಸ್ತೆಯಲ್ಲಿ ಸಾಗುವ ಏರ್ಪಾಡಾಯಿತು. ಒಂದು ಗೋಣಿ ಸಿಮೆಂಟಿಗಾಗಿ, ಒಂದು ಹೊಲದ ಕೊಯ್ಲಿಗಾಗಿ, ಒಂದು ಕಾವಲುಗೂಡಿನ ಮರಳುಚೀಲಗಳಿಗಾಗಿ ಇಬ್ಬರೊಡನೆಯೂ ಮಾತಾಡುತ್ತ ಕೂರುವುದು ಪಡೆಯ ದಿನನಿತ್ಯದ ಉದ್ಯೋಗವಾಗಿತ್ತು. ಜೋಜಿ ಲಾ ಏರಿದವರಿಗೆ ಇದು ಸಣ್ಣ ಕೆಲಸವೆನಿಸಿತೇನೋ. ಆದರೆ ಜನ ಬದುಕಿ ಉಳಿದದ್ದು ಇದರಿಂದ ಎಂಬುದು ನನ್ನ ಎಣಿಕೆ.

ಆ ಪಡೆ ಮಾಡಿದ ಇನ್ನೊಂದು ಕೆಲಸ ಎಣಿಸುವುದು. ದ್ವೀಪವನ್ನೆಲ್ಲ ಸುತ್ತಿ, ನಾಶವಾದುದನ್ನು ಲೆಕ್ಕ ಹಾಕಿದ್ದರ ಫಲವನ್ನು ಅದೇ ಸೆಪ್ಟೆಂಬರಿನ ವರದಿಯಲ್ಲಿ ಕಾಣಬಹುದು: 109 ಹಳ್ಳಿಗಳಲ್ಲಿ, ಅವುಗಳಲ್ಲಿ ಬಹುಪಾಲು ತುರ್ಕರವು ಅಥವಾ ಮಿಶ್ರ ಜನವಸತಿಯವು, 527 ಮನೆಗಳು ಧ್ವಂಸ, ಇನ್ನೂ 2,000 ಮನೆಗಳಿಗೆ ಲೂಟಿಯಿಂದ ಹಾನಿ. ಈ ಅಂಕಿಗಳ ಮೌಲ್ಯ ಏನೆಂಬುದು ಮುಂದೆ ತಿಳಿಯುತ್ತದೆ.

1974ರ ಜುಲೈ 15ರಂದು ಅಥೆನ್ಸಿನ ಸೈನಿಕ ಸರ್ವಾಧಿಕಾರಿಗಳ ಪ್ರೇರಣೆಯಿಂದ ಸೈಪ್ರಸ್ಸಿನಲ್ಲಿ ಕ್ಷಿಪ್ರಕ್ರಾಂತಿ ನಡೆಯಿತು. ಮಕಾರಿಯೋಸರು ತಪ್ಪಿಸಿಕೊಂಡರು, ಅವರ ಗದ್ದುಗೆಯ ಮೇಲೆ ನಿಕೋಸ್ ಸಾಂಪ್ಸನ್ ಎಂಟು ದಿನ ಕುಳಿತ. ಜುಲೈ 19ರಂದು ಮಕಾರಿಯೋಸರು ನ್ಯೂಯಾರ್ಕಿನಲ್ಲಿ ಭದ್ರತಾ ಮಂಡಲಿಯ ಮುಂದೆ ನಿಂತು, ಇದು ಗ್ರೀಸ್ ದೇಶದ ಆಡಳಿತಗಾರರು ನಡೆಸಿದ ಆಕ್ರಮಣವೆಂದು ದೂರಿದರು. ಮರುದಿನ ಬೆಳಗ್ಗೆ ತುರ್ಕಿಯ ಸೈನ್ಯ ಕೈರೀನಿಯಾದ ಪಶ್ಚಿಮಕ್ಕೆ ಪೆಂಟೆಮಿಲಿ ಎಂಬ ಕಡಲತೀರದಲ್ಲಿ ಇಳಿಯಿತು. ಆಜ್ಞೆ ಕೊಟ್ಟ ಪ್ರಧಾನಿ ಬುಲೆಂಟ್ ಎಜೆವಿಟ್ ಸ್ವತಃ ಕವಿ. ತಾರುಣ್ಯದಲ್ಲಿ ಠಾಕೂರರ ಗೀತಾಂಜಲಿಯನ್ನು ತುರ್ಕಿ ಭಾಷೆಗೆ ತಂದವರು. ಜುಲೈ 23ರಂದು ಸಾಂಪ್ಸನ್ ಬಿದ್ದ. ಸಂವಿಧಾನಕ್ಕನುಸಾರವಾಗಿ ಗ್ಲಾಫ್ಕೋಸ್ ಕ್ಲೆರಿಡಿಸ್ ಹಂಗಾಮಿ ಅಧ್ಯಕ್ಷರಾದರು. ಜಿನೀವಾದಲ್ಲಿ ಸಂಧಾನ ನಡೆಯಿತು, ಮುರಿಯಿತು. ಆಗಸ್ಟ್ 14ರಂದು ತುರ್ಕಿಯ ಸೈನ್ಯ ಮತ್ತೆ ಮುನ್ನುಗ್ಗಿ ಎರಡೇ ದಿನಗಳಲ್ಲಿ ದ್ವೀಪದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ವಶಪಡಿಸಿಕೊಂಡಿತು. ಸುಮಾರು ಒಂದು ಲಕ್ಷ ಅರವತ್ತು ಸಾವಿರ ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೆ ಓಡಿದರು. ನಲವತ್ತು ಸಾವಿರಕ್ಕೂ ಮಿಕ್ಕ ತುರ್ಕರು ಉತ್ತರಕ್ಕೆ ಹೋದರು. ಆ ದಿನಗಳಲ್ಲಿ ವಿಶ್ವಸಂಸ್ಥೆಯ ಪಡೆಗೆ ದಂಡನಾಯಕರು ಮತ್ತೊಬ್ಬ ಭಾರತೀಯ, ಜನರಲ್ ಪ್ರೇಮ್ ಚಂದ್. ನಿಕೋಸಿಯಾದ ವಿಮಾನ ನಿಲ್ದಾಣವನ್ನು ಅವರ ಪಡೆ ತನ್ನ ಸುಪರ್ದಿಗೆ ತೆಗೆದುಕೊಂಡು ಇಬ್ಬರ ಕೈಗೂ ಸಿಗದಂತೆ ನೋಡಿಕೊಂಡಿತು. ಅಲ್ಲಿಂದ ಮುಂದೆ ಯಾವ ಪ್ರಯಾಣಿಕ ವಿಮಾನವೂ ಅಲ್ಲಿ ಹಾರಾಟ ನಡೆಸಿಲ್ಲ.

ಘಟನೆಗಳ ಬಗೆಗೆ ಇಬ್ಬರಲ್ಲೂ ಅಷ್ಟೇನೂ ಭಿನ್ನಾಭಿಪ್ರಾಯವಿಲ್ಲ. ಜಗಳ ಹೆಸರಿನದು, ಅದಕ್ಕಿಂತ ಮಿಗಿಲಾಗಿ ಕಥೆ ಎಲ್ಲಿಂದ ಆರಂಭವಾಗಬೇಕೆಂಬುದು. ಗ್ರೀಕರಿಗೆ 1974 'ಆಕ್ರಮಣ'. ತುರ್ಕರಿಗೆ ಅದೇ 'ಶಾಂತಿ ಕಾರ್ಯಾಚರಣೆ'. ಜುಲೈ 20ರ ಬೆಳಗ್ಗೆ ಐದೂವರೆ ಗಂಟೆಗೆ ದಕ್ಷಿಣದಲ್ಲಿ ಶೋಕದ ಸೈರನ್ನುಗಳು ಮೊಳಗುತ್ತವೆ. ಉತ್ತರದಲ್ಲಿ ಜನ ಅದೇ ಕಡಲತೀರದಲ್ಲಿ ಉಷಃಕಾಲಕ್ಕಾಗಿ ಕಾದುನಿಂತು ಹಬ್ಬ ಆಚರಿಸುತ್ತಾರೆ. ದಕ್ಷಿಣದ ಶಾಲಾಮಕ್ಕಳ ನೋಟುಪುಸ್ತಕಗಳ ಮೇಲೆ ಉತ್ತರದ ಊರುಗಳ ಚಿತ್ರವಿರುತ್ತಿತ್ತು, 'ನಾನು ಮರೆಯುವುದಿಲ್ಲ' ಎಂಬ ಒಕ್ಕಣೆಯೊಡನೆ. ಉತ್ತರದ ನಿಕೋಸಿಯಾದಲ್ಲಿ 1963ರಲ್ಲಿ ತಾಯಿ ಮತ್ತು ಮೂವರು ಮಕ್ಕಳು ಹತರಾದ ಮನೆಯೇ ವಸ್ತುಸಂಗ್ರಹಾಲಯವಾಗಿದೆ. ಒಬ್ಬರ ಕಥೆ 1974ಕ್ಕೆ ಮೊದಲಾಗುತ್ತದೆ, ಅದಕ್ಕೆ ಹಿಂದಿನದೆಲ್ಲ ನೆರೆಹೊರೆಯ ಸೌಹಾರ್ದ. ಇನ್ನೊಬ್ಬರ ಕಥೆ 1963ರಲ್ಲಿ ತೊಡಗಿ 1974ರ ಜುಲೈಗೆ ಮುಗಿಯುತ್ತದೆ, ಆಮೇಲಿನದೆಲ್ಲ ನೆಮ್ಮದಿ. ಸೋಜಿಗವೆಂದರೆ ಎರಡೂ ಪಕ್ಷಕ್ಕೆ ಕಾಣುವ ಬೆಟ್ಟಸಾಲಿಗೆ ಗ್ರೀಕಿನಲ್ಲಿ ಪೆಂಟಡಾಕ್ಟಿಲೋಸ್, ತುರ್ಕಿಯಲ್ಲಿ ಬೆಷ್‌ಪರ್ಮಾಕ್; ಎರಡರ ಅರ್ಥವೂ ಐದು ಬೆರಳು.

ತಿಮ್ಮಯ್ಯನವರ ಕಾಲ ಮುಖ್ಯವಾಗುವುದು ಇಲ್ಲಿಯೇ. ಅವರು ಕಂಡದ್ದು ಒಂದು ಪಕ್ಷ ಬಿಟ್ಟುಹಾಕುವ ವರ್ಷಗಳನ್ನು. ಅವರ ಪಡೆ ಎಣಿಸಿದ 527 ಮನೆಗಳು 1974ಕ್ಕೆ ಹತ್ತು ವರ್ಷ ಹಿಂದಿನವು. ಹಾಗೆಂದು ಆ ಅಂಕಿ ಮುಂದಿನದಕ್ಕೆ ಸಮರ್ಥನೆಯಾಗಲಾರದು. ನನ್ನನ್ನು ಕೇಳಿದರೆ ಆಗಸ್ಟ್ 14ರ ನಡೆಗೆ ಆಕ್ರಮಣವೆಂಬ ಹೆಸರೇ ಸಲ್ಲುತ್ತದೆ. ಒಪ್ಪಂದ ಹೇಳಿದ್ದು ಹಳೆಯ ಸ್ಥಿತಿಯ ಪುನಃಸ್ಥಾಪನೆ. ಕ್ಲೆರಿಡಿಸ್ ಪದವಿಗೆ ಬಂದು ಮೂರು ವಾರಗಳಾದ ಮೇಲೆ ನಡೆದದ್ದು ವಿಭಜನೆ.

ಪರರ ಜಗಳದಲ್ಲಿ ಇಷ್ಟು ಸಲೀಸಾಗಿ ತೀರ್ಪು ಕೊಡುವ ನಾವು ಬೀದರ, ಕಲಬುರಗಿ, ರಾಯಚೂರುಗಳ 1948ನ್ನು ಹೇಗೆ ಹೇಳುತ್ತೇವೆಂದು ಒಮ್ಮೆ ನೋಡಿಕೊಳ್ಳಬಹುದು. ಸೆಪ್ಟೆಂಬರ್ 13ರಿಂದ 17ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಟ್ಯಾಂಕುಗಳೊಡನೆ ಹೋದ ಸೈನ್ಯದ ಕಾರ್ಯಕ್ಕೆ ನಾವೂ 'ಪೊಲೀಸ್ ಕಾರ್ಯಾಚರಣೆ' ಎಂದೇ ಹೆಸರಿಟ್ಟೆವು. ಅದೇ ವರ್ಷ ಮೇ ತಿಂಗಳಿನಲ್ಲಿ ಬೀದರ ಸೀಮೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ಆ ಭಾಗದ ಹಿರಿಯರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಆದರೆ ಸೆಪ್ಟೆಂಬರಿನ ನಂತರ ಮುಸಲ್ಮಾನರ ಮೇಲೆ ನಡೆದದ್ದನ್ನು ವಿಚಾರಿಸಲು ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಅತ್ಯಂತ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯೂ ಬೀದರವೂ ಸೇರಿದ್ದವು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಸಂಸ್ಥಾನದ ವಿಮೋಚನೆ ನ್ಯಾಯವಾದದ್ದೆಂದು ನಂಬುವವರಲ್ಲಿ ನಾನೂ ಒಬ್ಬ. ಆದರೂ ನಾವು ಸೆಪ್ಟೆಂಬರ್ 17ಕ್ಕೆ ಕಥೆ ಮುಗಿಸುತ್ತೇವೆ. ಅಲ್ಲಿ ಕಥೆ ಆರಂಭವಾಗುವ ಮನೆಗಳೂ ಇವೆ.

ಸೈಪ್ರಸ್ಸಿನಲ್ಲಿ ಎಣಿಸುವ ಕೆಲಸ ಮತ್ತೆ ಮೊದಲಾಗಿದೆ. 1963-64 ಮತ್ತು 1974ರ ಗಲಭೆಗಳಲ್ಲಿ ಕಾಣೆಯಾದವರ ಅಧಿಕೃತ ಸಂಖ್ಯೆ 2,002. ಅವರಲ್ಲಿ ಗ್ರೀಕರು 1,510, ತುರ್ಕರು 492. ಎರಡೂ ಸಮುದಾಯಗಳ ಪ್ರತಿನಿಧಿಗಳಿರುವ ಸಮಿತಿ 1981ರಲ್ಲಿ ಸ್ಥಾಪಿತವಾದರೂ ಉತ್ಖನನ ಭರದಿಂದ ಸಾಗಿದ್ದು 2006ರಿಂದ ಈಚೆಗೆ. ಗ್ರೀಕ್ ಮತ್ತು ತುರ್ಕಿಷ್ ಸೈಪ್ರಿಯಟ್ ತರುಣ ವಿಜ್ಞಾನಿಗಳು ಒಂದೇ ಪ್ರಯೋಗಶಾಲೆಯಲ್ಲಿ, ಯಾರ ಅಸ್ಥಿಯೆಂದು ತಿಳಿಯುವ ಮುನ್ನವೇ, ಅಸ್ಥಿಗಳನ್ನು ಜೋಡಿಸುತ್ತಾರೆ. ಹೀಗೆ ಸಾವಿರಕ್ಕೂ ಹೆಚ್ಚು ಮಂದಿಯ ಅವಶೇಷಗಳು ಗುರುತಿಸಲ್ಪಟ್ಟು ಮನೆಯವರ ಕೈ ಸೇರಿವೆ. ರಾಜಕೀಯ ಸಂಧಾನಕ್ಕೆ ಈ ಭಾಗ್ಯ ಒದಗಲಿಲ್ಲ. 2003ರ ಏಪ್ರಿಲ್ 23ರಂದು ರೇಖೆಯನ್ನು ದಾಟುವ ದಾರಿ ತೆರೆದಾಗ, ಸಾವಿರಾರು ಜನ ತಮ್ಮ ಹಳೆಯ ಮನೆಗಳ ಬಾಗಿಲು ತಟ್ಟಿದರು. ಮರುವರ್ಷ ಏಪ್ರಿಲ್ 24ರ ಜನಮತಗಣನೆಯಲ್ಲಿ ಕೋಫಿ ಅನ್ನಾನರ ಏಕೀಕರಣ ಯೋಜನೆಗೆ ತುರ್ಕರಲ್ಲಿ ಶೇಕಡಾ 65 ಮಂದಿ ಒಪ್ಪಿದರು, ಗ್ರೀಕರಲ್ಲಿ ಶೇಕಡಾ 76 ಮಂದಿ ಒಲ್ಲೆನೆಂದರು. 2017ರಲ್ಲಿ ಸ್ವಿಟ್ಜರ್ಲೆಂಡಿನ ಮಾತುಕತೆಯೂ ಮುರಿದುಬಿತ್ತು.

ತಿಮ್ಮಯ್ಯನವರ ಪಾರ್ಥಿವ ಶರೀರವನ್ನು 1965ರಲ್ಲಿ ಬೆಂಗಳೂರಿಗೆ ತರಲಾಯಿತು. ಮರುವರ್ಷ ಸೈಪ್ರಸ್ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಕಾ ಪಟ್ಟಣದಲ್ಲಿ ಅವರ ಹೆಸರಿನ ಬೀದಿಯೊಂದಿದೆ. ಮಡಿಕೇರಿಯ ಅವರ ಮನೆ 'ಸನ್ನಿ ಸೈಡ್' 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ಉದ್ಘಾಟನೆಗೊಂಡಿತು. ಊರಿಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸುವವರು ಬಹಳ. ಅವರಿದ್ದ ಕಾಲದಲ್ಲಿ ಊ ಥಾಂಟರು ಮಂಡಲಿಗೆ ಸಲ್ಲಿಸಿದ ವರದಿಗಳು ಮಾತ್ರ ಇಲ್ಲಿ, ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ದಾಖಲೆಗಳಲ್ಲಿವೆ. ಇಂಗ್ಲಿಷ್ ಬಲ್ಲ ಯಾರು ಬೇಕಾದರೂ ಓದಬಹುದು.