ಒಲೆಯ ಪಾಲು, ಹೊಲದ ಪಾಲು

ಇಂಗಳವೆಂದರೆ ಕೆಂಡ. ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರಕ್ಕೆ ಆ ಹೆಸರು ಹೇಗೇ ಬಂದಿರಲಿ, ಅಲ್ಲಿಯ ಒಲೆಯ ಕೆಂಡದ ಚರಿತ್ರೆಯನ್ನು ಹೇಳಹೊರಟವನು ಸೆಗಣಿಯಿಂದಲೇ ಆರಂಭಿಸಬೇಕಾಗುತ್ತದೆ. ಕಾಡು ವಿರಳವಾದ ಆ ಬಯಲುಸೀಮೆಯಲ್ಲಿ ಸೆಗಣಿಗೆ ಹಿಂದಿನಿಂದಲೂ ಇಬ್ಬರು ಹಕ್ಕುದಾರರು: ಕುಳ್ಳು ಬೇಡುವ ಒಲೆ, ಗೊಬ್ಬರ ಬೇಡುವ ಹೊಲ. ಒಲೆಗೆ ಕೊಟ್ಟುದು ಹೊಲಕ್ಕೆ ಉಳಿಯದು. ಕುಳ್ಳು ಉರಿದಾಗ ಅದರ ಸಾರಜನಕವೂ ಹೊಗೆಯೊಡನೆ ಹೋಗಿಬಿಡುತ್ತದೆ.

ಈ ವ್ಯಾಜ್ಯಕ್ಕೆ ಪರಿಹಾರವೊಂದುಂಟು. ಗಾಳಿಯಾಡದ ಗುಂಡಿಯಲ್ಲಿ ಸೆಗಣಿಯನ್ನು ನೀರಿನೊಡನೆ ಕಲಸಿಟ್ಟರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿ, ಉರಿಯಬಲ್ಲ ಮೀಥೇನ್ ಅನಿಲವನ್ನು ಬಿಡುತ್ತವೆ. ಗೊಬ್ಬರದ ಸತ್ತ್ವವು ಬಗ್ಗಡದಲ್ಲಿ ಉಳಿಯುತ್ತದೆ. ಮುಂಬಯಿಯ ಮಾತುಂಗದ ಕುಷ್ಠಾಶ್ರಮದಲ್ಲಿ 1897ರಷ್ಟು ಹಿಂದೆಯೇ ಮಲದಿಂದ ಪಡೆದ ಅನಿಲವು ದೀಪ ಬೆಳಗಿತ್ತು. 1950ರ ದಶಕದಲ್ಲಿ ಜಶ್‌ಭಾಯಿ ಪಟೇಲರು ರೂಪಿಸಿದ ತೇಲುವ ಡ್ರಮ್ಮಿನ ಸ್ಥಾವರವನ್ನು ಮುಂದಿನ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಹಳ್ಳಿಗಳಿಗೆ ಒಯ್ದಿತು.

ನಾಲ್ಕೈದು ದನಗಳಿದ್ದ ಮನೆಗೆ ಅದರಿಂದ ಅನುಕೂಲವಾಯಿತು. ದನವಿಲ್ಲದವರ ಗತಿಯೇನು? ಬೀದಿಬಯಲಲ್ಲಿ ಪುಕ್ಕಟೆಯಾಗಿ ಆಯ್ದುಕೊಳ್ಳುತ್ತಿದ್ದ ಸೆಗಣಿಗೂ ಬೆಲೆ ಬಂದರೆ ಬಡವರ ಒಲೆಯೇ ಆರೀತು.

ಈ ಪ್ರಶ್ನೆಯನ್ನು ಎದುರಿಸಿದ ಪ್ರಯೋಗ ನಡೆದುದು ದಕ್ಷಿಣದಲ್ಲಿ, ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ವಿಭಾಗವು ಅಲ್ಲಿ ಊರಿಗೆಲ್ಲ ಸೇರಿದ ಸ್ಥಾವರವನ್ನು ನಿರ್ಮಿಸಿತು. ಮೊದಲ ಉದ್ದೇಶ ಅಡುಗೆ. ಆದರೆ ಎಲ್ಲ ಮನೆಗಳ ಒಲೆಗೆ ಸಾಲುವಷ್ಟು ಅನಿಲ ದೊರೆಯಲಿಲ್ಲ. 1987ರಲ್ಲಿ ಉದ್ದೇಶವೇ ಬದಲಾಯಿತು. ಡೀಸೆಲ್ಲಿನೊಡನೆ ಈ ಅನಿಲವನ್ನು ಉರಿಸುವ ಎಂಜಿನ್ನಿನಿಂದ ವಿದ್ಯುತ್ತನ್ನು ಪಡೆದು, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೆ ಏರಿಸಿದರು. ಮನೆಗಳಿಗೆ ದೀಪ ಕೊಟ್ಟರು. ಸೆಗಣಿ ತಂದವರಿಗೆ ತೂಕದ ಮೇಲೆ ಹಣ ದೊರೆಯಿತು, ಬಗ್ಗಡವೂ ಮರಳಿತು. ದನವಿಲ್ಲದವನಿಗೂ ನಲ್ಲಿಯ ನೀರಿನಲ್ಲಿ ಪಾಲಿತ್ತು.

ಆ ಏರ್ಪಾಡು ಶಾಶ್ವತವಾಗಲಿಲ್ಲ. ಸುಮಾರು ಒಂದು ದಶಕದ ತರುವಾಯ ನಿಂತಿತು. ಆದರೂ ಅದು ಕಲಿಸಿದ ಲೆಕ್ಕ ಸುಳ್ಳಾಗಲಿಲ್ಲ. ಸಿಲಿಂಡರುಗಳು ಹಳ್ಳಿಗಳನ್ನು ಮುಟ್ಟಿರುವ ಇಂದು ಒಲೆಯ ಹಕ್ಕು ಸಡಿಲವಾಗಿರಬಹುದು, ಹೊಲದ ಹಕ್ಕು ಸಡಿಲವಾಗಿಲ್ಲ. ಇಂಗಳೇಶ್ವರದಂಥ ಊರಿನಲ್ಲಿ ಇಂಥದೊಂದು ಸ್ಥಾವರಕ್ಕೆ ಗುಂಡಿ ತೋಡುವ ಮುನ್ನ ಊರ ದನಗಳನ್ನು ಎಣಿಸಬೇಕು. ಅದಕ್ಕಿಂತ ಮೊದಲು, ದನವಿಲ್ಲದ ಮನೆಗಳಿಗೆ ಹೋಗಿ ಅವರಿಗೇನು ಬೇಕೆಂದು ಕೇಳಬೇಕು.